ಹಾಡು ಬಿಟ್ಟವರನ್ನು ಎಣಿಸಿದವರು ಯಾರು?

ದನಿ ಕಟ್ಟಿದೆ ಎಂದು ಸಂಗೀತ ಕಲಿಯುವ ಹುಡುಗಿ ಹೇಳಿದರೆ ನಮ್ಮ ಪಾಠಶಾಲೆಗಳಲ್ಲಿ ಸಿಗುವ ಉತ್ತರಗಳು ಇಷ್ಟು ವರ್ಷವಾದರೂ ಹೆಚ್ಚು ಬದಲಾಗಿಲ್ಲ. ‘ಸಾಧನೆ ಸಾಲದು.’ ‘ಐಸ್‌ಕ್ರೀಂ ತಿಂದಿರ್ತೀಯ.’ ‘ಚೂರು ಅತಿಮಧುರ ದವಡೇಲಿಟ್ಕೋ, ಸರಿಹೋಗುತ್ತೆ.’ ಅತಿಮಧುರದ ವಿಷಯವನ್ನೇ ನೋಡಿ. ನುಂಗಿದ್ದೆಲ್ಲ ಹೋಗುವುದು ಅನ್ನನಾಳಕ್ಕೆ. ಸ್ವರತಂತುಗಳಿರುವುದು ಉಸಿರಿನ ದಾರಿಯಲ್ಲಿ. ಆ ರಸ ನಿಜಕ್ಕೂ ಅವುಗಳ ಮೇಲೆ ಬಿದ್ದರೆ ಕೆಮ್ಮಿ ಕಂಗಾಲಾಗುತ್ತೇವೆ. ಗಂಟಲಿಗೆ ಹಿತವೆನಿಸಬಹುದು, ಬೇಡ ಅನ್ನುವುದಿಲ್ಲ. ಆದರೆ ವೀಣೆ ಕಲಿಯುವವರಿಗೆ ಮೇಣ, ಮೆಟ್ಟು, ತಂತಿಗಳ ಪರಿಚಯ ಶುರುವಿನಲ್ಲೇ ಆಗುತ್ತದೆ. 72 ಮೇಳಕರ್ತಗಳನ್ನು ಬಾಯಿಪಾಠ ಮಾಡಿಸುವ ಗಾಯನದ ತರಗತಿಗಳಲ್ಲಿ ಮಾತ್ರ, ನಾನು ಕಂಡಷ್ಟರಲ್ಲಿ, ಹಾಡುವ ಅಂಗ ದೇಹದಲ್ಲಿ ಎಲ್ಲಿದೆ ಎಂದು ಹೇಳಿಕೊಡುವವರು ಅಪರೂಪ.

ಐದು ಮನೆ ಶ್ರುತಿಯಲ್ಲಿ ಹಾಡುವ ಹುಡುಗಿ ತಾರಷಡ್ಜದಲ್ಲಿ ನಿಂತಾಗ ಅವಳ ಸ್ವರತಂತುಗಳು ಸೆಕೆಂಡಿಗೆ ಸುಮಾರು 390 ಸಲ ಒಂದಕ್ಕೊಂದು ತಾಗುತ್ತವೆ. ಒಂದು ನಿಮಿಷಕ್ಕೆ 23,000 ಸಲಕ್ಕೂ ಮೇಲೆ. ಎರಡು ಸೆಂಟಿಮೀಟರೂ ಇರದ ಮೃದುವಾದ ಮಡಿಕೆಗಳವು. ಅವಳ ಶ್ರುತಿ ನಾಲ್ಕೂವರೆಯೋ ನಾಲ್ಕೋ ಆಗಿದ್ದು, ತರಗತಿಗೆಲ್ಲ ಒಂದೇ ಶ್ರುತಿಪೆಟ್ಟಿಗೆ ಎಂಬ ಕಾರಣಕ್ಕೆ ಐದರಲ್ಲಿ ಕಿರುಚಬೇಕಾಗಿ ಬಂದರೆ ಆ ಪೆಟ್ಟು ಇನ್ನೂ ಜೋರಾಗುತ್ತದೆ. ಅತಿ ಹೆಚ್ಚು ಪೆಟ್ಟು ಬೀಳುವ ಜಾಗದಲ್ಲಿ ಮೊದಲು ಊತ, ಆಮೇಲೆ ಅಂಗೈಯ ಜಡ್ಡಿನಂಥ ಗಂಟು. ಇದು ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಬೇಗ ಗುರುತಿಸಿದರೆ ದನಿ ಬಳಸುವ ರೀತಿಯನ್ನು ತಿದ್ದಿಯೇ ಬಹಳಷ್ಟು ಮಟ್ಟಿಗೆ ಗುಣಪಡಿಸಬಹುದು. ಬೇಗ ಗುರುತಿಸುವವರು ಬೇಕಷ್ಟೆ. ನಮ್ಮಲ್ಲಿ ಆ ಹೊತ್ತಿಗೆ ಅವಳು ಬೆಳಗಿನ ಸಾಧನೆಯನ್ನು ಒಂದು ಗಂಟೆ ಹೆಚ್ಚಿಸಿಕೊಂಡಿರುತ್ತಾಳೆ.

ಈ ಮಾತೆತ್ತಿದ ಕೂಡಲೇ ಗಂಗೂಬಾಯಿ ಹಾನಗಲ್ಲರ ಹೆಸರು ಬರುತ್ತದೆ. ‘ಗಾಂಧಾರಿ’ ಎಂಬ ಹೆಸರಲ್ಲಿ ಬಂದ ಅವರ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿ ಕೇಳುವುದು ತೆಳು, ಎತ್ತರದ ದನಿ. ಗಂಟಲಿನ ಚಿಕಿತ್ಸೆಯ ನಂತರ ದನಿ ತಗ್ಗಿತು. ಆ ತಗ್ಗಿದ ದನಿಯಲ್ಲೇ ಅವರು ದೊಡ್ಡ ಗಾಯನವನ್ನು ಕಟ್ಟಿದರು. ಆ ಹಾಡಿಕೆಗೆ ಕೈಮುಗಿಯೋಣ. ಆದರೆ ಅವರನ್ನು ಉದಾಹರಣೆಯಾಗಿ ಎತ್ತಿ ಹಿಡಿದು, ನೀನೂ ಹಾಗೆ ಎದ್ದು ನಿಲ್ಲು ಎಂದು ಹತ್ತೊಂಬತ್ತರ ಹುಡುಗಿಗೆ ಹೇಳುವುದಿದೆಯಲ್ಲ, ಅದು ಕ್ರೌರ್ಯ. ದನಿ ಹೋಗಿ ಗಂಗೂಬಾಯಿ ಆದವರು ಒಬ್ಬರು. ದನಿ ಹೋಗಿ ಬ್ಯಾಂಕ್ ಪರೀಕ್ಷೆ ಕಟ್ಟಿದವರ, ಮದುವೆಯಾಗಿ ಹಾಡು ಬಿಟ್ಟೆ ಎಂದು ಸುಳ್ಳು ಕಾರಣ ಹೇಳುವವರ ಪಟ್ಟಿ ಯಾರ ಬಳಿ ಇದೆ?

ಸಂಶೋಧಕರ ಮೇಲೆ ನನ್ನ ತಕರಾರು ಇಲ್ಲೇ. ಗಾಯಕರ ದನಿಯ ಮೇಲೆ ಅಧ್ಯಯನಗಳು ಇಲ್ಲವೆಂದಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಮಾತು ಮತ್ತು ದನಿಯ ಕೆಲಸ ಮಾಡುತ್ತಿದೆ. ಅದೇ ಊರಿನಲ್ಲಿ ಗಂಗೂಬಾಯಿಯವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೂ ಇದೆ. ತೊಂದರೆ ಇರುವುದು ಇಂಥ ಅಧ್ಯಯನಗಳನ್ನು ಸಾಮಾನ್ಯವಾಗಿ ಮಾಡುವ ರೀತಿಯಲ್ಲಿ. ಕಾಲೇಜಿಗೆ ಹೋಗಿ, ಆ ದಿನ ಹಾಜರಿದ್ದವರಿಗೆ ಪ್ರಶ್ನಾವಳಿ ಹಂಚಿ, ದನಿಮುದ್ರಿಸಿಕೊಂಡು ಬರುತ್ತಾರೆ. ಆ ದಿನ ಹಾಜರಿರುವವರು ಯಾರು? ಇನ್ನೂ ಹಾಡಬಲ್ಲವರು. ದನಿ ಕೆಟ್ಟು ಹೋದ ವರ್ಷವೇ ಬಿಟ್ಟವರು ಲೆಕ್ಕಕ್ಕೆ ಸಿಗುವುದೇ ಇಲ್ಲ. ಇನ್ನು ಉಳಿದವರಾದರೂ ನಿಜ ಬರೆಯುತ್ತಾರೆಯೇ? ‘ಹಾಡಿದ ಮೇಲೆ ಗಂಟಲು ನೋಯುತ್ತದೆಯೇ’ ಎಂಬ ಸಾಲಿನ ಮುಂದೆ ‘ಯಾವಾಗಲೂ’ ಎಂದು ಗುರುತು ಹಾಕುವುದೆಂದರೆ, ಪಕ್ಕದ ಕೋಣೆಯಲ್ಲಿ ಕೂತ ಮೇಷ್ಟ್ರ ಪಾಠವನ್ನೇ ದೂರಿದಂತೆ. ಮುಂದಿನ ತಿಂಗಳು ಪ್ರಾಯೋಗಿಕ ಪರೀಕ್ಷೆಯ ಅಂಕ ಅವರ ಕೈಯಲ್ಲೇ ಇರುತ್ತದೆ. ಇಷ್ಟಾಗಿ ಹುಟ್ಟಿದ ಪ್ರಬಂಧ ಇಂಗ್ಲಿಷಿನಲ್ಲಿ ಗ್ರಂಥಾಲಯ ಸೇರುತ್ತದೆ. ದನಿ ಕೊಟ್ಟ ಮಕ್ಕಳಿಗೆ ಅದರ ಒಂದು ಪುಟವೂ ತಲುಪುವುದಿಲ್ಲ.

‘ಹಿಂದಿನವರು ಲ್ಯಾಬಿಗೆ ಹೋಗಿ ಹಾಡಿದರೇ’ ಎಂದು ಕೇಳುವವರಿದ್ದಾರೆ. ಹೋಗಲಿಲ್ಲ, ನಿಜ. ಆದರೆ ಹಿಂದಿನ ಶಿಷ್ಯರಲ್ಲಿ ಎಷ್ಟೋ ಜನ ಗುರುವಿನ ಮನೆಯಲ್ಲೇ ಇದ್ದರು. ಬೆಳಗಿನ ಮೊದಲ ಷಡ್ಜ ಕೇಳಿದರೆ ಸಾಕು, ಇವತ್ತು ಇವನ ದನಿ ಸರಿಯಿಲ್ಲ ಎಂದು ಗುರುವಿಗೆ ಗೊತ್ತಾಗುತ್ತಿತ್ತು. ವಾರಕ್ಕೆರಡು ಗಂಟೆ, ಇಪ್ಪತ್ತು ಮಕ್ಕಳು, ಒಟ್ಟಾಗಿ ಹಾಡಿಸುವ ವರ್ಣ: ಇಲ್ಲಿ ಯಾರ ದನಿ ಯಾವತ್ತು ಒಡೆಯಿತು ಎಂದು ಯಾವ ಕಿವಿಗೆ ಕೇಳೀತು? ಗುರುಕುಲದ ಕಿವಿಯನ್ನು ಬಿಟ್ಟು ಗುರುಕುಲದ ಗದರಿಕೆಯನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಇನ್ನೊಂದು ಮಾತು. ಹಾಡುವಾಗ ಜೀವಂತ ಸ್ವರತಂತುಗಳು ಹೇಗೆ ಕದಲುತ್ತವೆ ಎಂದು ಕನ್ನಡಿ ಹಿಡಿದು ನೋಡಿ, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟವನು ವೈದ್ಯನಲ್ಲ. ಮ್ಯಾನುಯೆಲ್ ಗಾರ್ಸಿಯಾ ಎಂಬ ಗಾಯನದ ಮೇಷ್ಟ್ರು. ದಂತವೈದ್ಯರ ಪುಟ್ಟ ಕನ್ನಡಿ, ಒಂದು ಕೈಗನ್ನಡಿ ಮತ್ತು ಬಿಸಿಲು, ಇಷ್ಟೇ ಅವನ ಸಲಕರಣೆ. ನೋಡಿದ್ದು ತನ್ನದೇ ಗಂಟಲನ್ನು. ಗಂಟಲು ನೋಡುವುದು ಡಾಕ್ಟರ ಕೆಲಸ, ನಮ್ಮದು ಸ್ವರ ಹೇಳಿಕೊಡುವುದಷ್ಟೆ ಎನ್ನುವ ಮೇಷ್ಟ್ರುಗಳು ಈ ಮೇಷ್ಟ್ರನ್ನೊಮ್ಮೆ ನೆನೆಯಬೇಕು.

ಕೋಟಿಗಟ್ಟಲೆಯ ಯೋಜನೆ ಬೇಕಿಲ್ಲ. ಸೇರಿದ ವಾರ ಪ್ರತಿ ವಿದ್ಯಾರ್ಥಿಯ ಗಂಟಲನ್ನು ಒಮ್ಮೆ ತಜ್ಞರಿಗೆ ತೋರಿಸಲಿ, ದನಿಯನ್ನು ಮುದ್ರಿಸಿ ಇಡಲಿ. ವರ್ಷಕ್ಕೆರಡು ಸಲ ಮತ್ತೆ ಮುದ್ರಿಸಿ ಹೋಲಿಸಲಿ. ಪ್ರಶ್ನೆಗಳು ಕನ್ನಡದಲ್ಲಿರಲಿ, ಉತ್ತರ ಮೇಷ್ಟ್ರ ಕೈಗೆ ಹೋಗದಿರಲಿ. ಎರಡು ಮೂರು ವಾರವಾದರೂ ಬಿಡದ ಗೊಗ್ಗರು ದನಿಗೆ ರಜೆ ಕೊಟ್ಟರೆ ಹಾಜರಿ ಕತ್ತರಿಸದಿರಲಿ. ಮುಖ್ಯವಾಗಿ, ಮೊದಲ ವರ್ಷದ ಹಾಜರಿ ಪುಸ್ತಕದಲ್ಲಿದ್ದು ಮೂರನೇ ವರ್ಷದ ಪುಸ್ತಕದಲ್ಲಿ ಇಲ್ಲದ ಹೆಸರುಗಳನ್ನು ಸಂಶೋಧಕರು ಬರೆದುಕೊಳ್ಳಲಿ. ಆ ಮನೆಗಳಿಗೆ ಹೋಗಿ, ಅವರ ಗಂಟಲಿಗೆ ಏನಾಗಿತ್ತು ಎಂದು ಕೇಳಲಿ.