ಈಗ ಬರಬೇಡಿರೆನ್ನುವ ಊರು

ಅಮೆರಿಕ ಸಂಯುಕ್ತ ಸಂಸ್ಥಾನದ ಸೌತ್ ಡಕೋಟ ರಾಜ್ಯದಲ್ಲಿ ಸ್ಟರ್ಜಿಸ್ ಎಂಬ ಸಣ್ಣ ಪಟ್ಟಣವೊಂದುಂಟು. ಸುಮಾರು 7,000 ಜನರ ಆ ಊರಿನಲ್ಲಿ, ಮೋಟಾರ್‌ಸೈಕಲ್ ವ್ಯಾಪಾರಿಯಾಗಿದ್ದ ಕ್ಲಾರೆನ್ಸ್ ಹೋಯಲ್ ಮತ್ತು ಆತನ ಸಂಗಡಿಗರು 1938ರಲ್ಲಿ ಬೆರಳೆಣಿಕೆಯ ಸವಾರರ ಪಂದ್ಯವಾಗಿ ಆರಂಭಿಸಿದ ಕೂಟವು, ಕಾಲಕ್ರಮದಲ್ಲಿ ಬೆಳೆಬೆಳೆದು, ಪ್ರತಿವರ್ಷ ಆಗಸ್ಟ್ ತಿಂಗಳಲ್ಲಿ ಲಕ್ಷಾಂತರ ಮಂದಿಯನ್ನು ದೇಶದ ಮೂಲೆಮೂಲೆಗಳಿಂದ ಸೆಳೆಯುವ ಮಹಾಜಾತ್ರೆಯಾಗಿ ಪರಿಣಮಿಸಿದೆ. 2020ರಲ್ಲಿ ಕೊರೊನಾ ವ್ಯಾಧಿಯು ಲೋಕವನ್ನೆಲ್ಲ ಆವರಿಸಿದ್ದಾಗ, ಅಲ್ಲಿಯ ನಗರಾಡಳಿತವು ಮನೆಮನೆಗೂ ಪ್ರಶ್ನಾಪತ್ರವನ್ನು ಕಳುಹಿಸಿ, ಈ ವರ್ಷ ಕೂಟವನ್ನು ನಡೆಸಬೇಕೆ, ಮುಂದೂಡಬೇಕೆ ಎಂದು ಪ್ರಜೆಗಳನ್ನೇ ಕೇಳಿತು. ಉತ್ತರವಿತ್ತವರಲ್ಲಿ ನೂರಕ್ಕೆ 60ಕ್ಕೂ ಮಿಕ್ಕವರು ಮುಂದೂಡಿರೆಂದರು. ನಗರಸಭೆಯಾದರೋ ನಡೆಸಿಯೇ ತೀರಲು ನಿರ್ಣಯಿಸಿತು.

ಆ ನಿರ್ಣಯಕ್ಕೆ ಕಾರಣಗಳಿರಲಿಲ್ಲವೆಂದಲ್ಲ. ವರ್ಷದ ಗಳಿಕೆಯ ದೊಡ್ಡ ಪಾಲನ್ನು ಆ ಹತ್ತು ದಿನಗಳಲ್ಲಿಯೇ ಕಾಣುವ ಹೋಟೆಲಿನವರೂ ಅಂಗಡಿಕಾರರೂ ಅಲ್ಲಿದ್ದರು. ಬೇಡವೆಂದರೂ ಬರುವವರು ಬಂದೇ ಬರುವರು, ಸಿದ್ಧತೆಯಿಲ್ಲದೆ ಅವರನ್ನು ಎದುರುಗೊಳ್ಳುವುದಕ್ಕಿಂತ ಸಿದ್ಧರಾಗಿ ಎದುರುಗೊಳ್ಳುವುದು ಲೇಸು ಎಂಬ ವಾದವೂ ಇತ್ತು. ವ್ಯಾಪಾರಿಯ ಕಷ್ಟವನ್ನು ನಾನು ಹಗುರವಾಗಿ ಎಣಿಸಲಾರೆ. ಆದರೆ ಎರಡನೆಯ ವಾದವನ್ನು ಮಾತ್ರ ಎಷ್ಟು ಯೋಚಿಸಿದರೂ ಒಪ್ಪಲಾಗುವುದಿಲ್ಲ. ಪ್ರಜೆಗಳ ಅಭಿಪ್ರಾಯವನ್ನು ತಾನೇ ಕೇಳಿ ಪಡೆದ ಸಭೆಯು, ಹೊರಗಿನವರ ಹಠದ ಮುಂದೆ ಆ ಅಭಿಪ್ರಾಯವು ನಿಷ್ಪ್ರಯೋಜಕವೆಂದು ಸಾರಿದಂತಾಯಿತಲ್ಲವೆ? ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಪೆಟ್ರೋಲಿಗೆ ಪಡಿತರ ಬಂದುದರಿಂದ ಅದೇ ಕೂಟವು ನಿಂತಿತ್ತು. ಅದರಿಂದ ಪರಂಪರೆಯೇನೂ ಕಡಿದುಹೋಗಲಿಲ್ಲ.

2020ರ ಆಗಸ್ಟ್ 7ರಿಂದ 16ರವರೆಗೆ ಆ ಪಟ್ಟಣವನ್ನು ಪ್ರವೇಶಿಸಿದ ವಾಹನಗಳನ್ನು ರಾಜ್ಯದ ಸಾರಿಗೆ ಇಲಾಖೆಯವರು ಎಣಿಸಿದಾಗ ಸಂಖ್ಯೆಯು 4,60,000ವನ್ನು ದಾಟಿತು. ಅದರಿಂದ ವ್ಯಾಧಿ ಎಷ್ಟು ಹರಡಿತೆಂಬ ವಿಷಯದಲ್ಲಿ ಪಂಡಿತರು ಇಂದಿಗೂ ಏಕಾಭಿಪ್ರಾಯಕ್ಕೆ ಬಂದಿಲ್ಲವಾದುದರಿಂದ ದೊಡ್ಡ ಅಂಕಿಗಳನ್ನು ಬದಿಗಿಡೋಣ. ನೆರೆಯ ಮಿನೆಸೋಟ ರಾಜ್ಯದ ಆರೋಗ್ಯಾಧಿಕಾರಿಗಳು ಒಬ್ಬೊಬ್ಬ ರೋಗಿಯನ್ನೂ ವಿಚಾರಿಸಿ ಸಿದ್ಧಪಡಿಸಿದ ಲೆಕ್ಕವು ಚಿಕ್ಕದಾದರೂ ದೃಢವಾದುದು: ಕೂಟಕ್ಕೆ ಸಂಬಂಧಿಸಿದ 86 ಮಂದಿ ರೋಗಿಗಳಲ್ಲಿ 51 ಮಂದಿ ಅಲ್ಲಿಗೆ ಹೋಗಿಬಂದವರು, ಉಳಿದ 35 ಮಂದಿ ಅವರ ಮೂಲಕ ರೋಗವನ್ನು ಅಂಟಿಸಿಕೊಂಡವರು. ಒಬ್ಬರು ತೀರಿಕೊಂಡರು. ಕೂಟಕ್ಕೆ ಹೋಗದಿದ್ದ ಆ 35 ಮಂದಿಯ ವಿಷಯವೇ ನನ್ನ ಮನಸ್ಸನ್ನು ಹೆಚ್ಚಾಗಿ ಕಾಡುವುದು. ಸವಾರನು ತಾನು ಅಪಾಯಕ್ಕೆ ಒಡ್ಡಿಕೊಳ್ಳುವುದು ತನ್ನ ಸ್ವಾತಂತ್ರ್ಯವೆನ್ನಬಹುದು, ಆದರೆ ಇವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಅದೇ ರಾಜ್ಯದಲ್ಲಿ ಬೇರೆ ಬಗೆಯ ನಡತೆಯೂ ಕಂಡುಬಂತು. ಷೈಯೆನ್ ನದಿಯ ಸೂ ಬುಡಕಟ್ಟಿನವರು ತಮ್ಮ ಮೀಸಲು ಪ್ರದೇಶವನ್ನು ಹಾಯ್ದು ಹೋಗುವ ಹೆದ್ದಾರಿಗಳಲ್ಲಿ ಆ ವರ್ಷದ ಏಪ್ರಿಲ್ ತಿಂಗಳಿನಿಂದಲೇ ತಪಾಸಣಾ ಠಾಣೆಗಳನ್ನು ಹೂಡಿ, ಬರುವ ವಾಹನವನ್ನು ನಿಲ್ಲಿಸಿ, ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಏನು ಕಾರ್ಯ ಎಂದು ವಿಚಾರಿಸಿಯೇ ಬಿಡುತ್ತಿದ್ದರು. ಠಾಣೆಗಳನ್ನು ತೆಗೆಯಬೇಕೆಂದು ರಾಜ್ಯದ ಗವರ್ನರ್ ಕ್ರಿಸ್ಟಿ ನೋಮ್ ಅವರು ಮೇ ತಿಂಗಳಲ್ಲಿ ಪತ್ರ ಬರೆದರು. ಬುಡಕಟ್ಟಿನ ಅಧ್ಯಕ್ಷ ಹೆರಾಲ್ಡ್ ಫ್ರೇಸಿಯರ್ ಅವರು ಒಪ್ಪಲಿಲ್ಲ. ಆಗಸ್ಟಿನಲ್ಲಿ ಸ್ಟರ್ಜಿಸ್ಸಿಗೆ ಹೊರಟ ಸವಾರರಿಗೂ ಆ ದಾರಿ ದೊರೆಯಲಿಲ್ಲ. ಈ ಕಟ್ಟುನಿಟ್ಟಿನ ಹಿಂದೆ ಇದ್ದುದು ದ್ವೇಷವಲ್ಲ, ಆಸ್ಪತ್ರೆಯ ಲೆಕ್ಕ: ಈಗಲ್ ಬ್ಯೂಟ್ ಎಂಬಲ್ಲಿದ್ದ ಅವರ ಆಸ್ಪತ್ರೆಯಲ್ಲಿದ್ದುದು 8 ಹಾಸಿಗೆಗಳು, ತೀವ್ರನಿಗಾ ಘಟಕವಿರಲಿಲ್ಲ, ಉಸಿರು ಕಟ್ಟಿದ ರೋಗಿಯನ್ನು ಮೂರು ಗಂಟೆಯ ದಾರಿ ಕ್ರಮಿಸಿ ರ್‍ಯಾಪಿಡ್ ಸಿಟಿಗೆ ಒಯ್ಯಬೇಕಾಗಿತ್ತು. ನಮ್ಮ ದೇಶದ ಸ್ಪಿತಿ ಕಣಿವೆಯವರೂ, ಹಿಮಾಚಲ ಸರಕಾರವು ಜುಲೈನಲ್ಲಿ ಪ್ರವಾಸಿಗಳಿಗೆ ಬಾಗಿಲು ತೆರೆದ ಮೇಲೆಯೂ, ಇಂಥದೇ ಕಾರಣದಿಂದ ತಮ್ಮ ಬಾಗಿಲನ್ನು ಮುಚ್ಚಿಯೇ ಇಟ್ಟರು.

ಕೊಡಗಿನ ಸ್ಥಿತಿಯೂ ಇದಕ್ಕಿಂತ ಬಹು ಭಿನ್ನವಾದುದೇನಲ್ಲ. ಶನಿವಾರ ಮುಂಜಾನೆ ಬೆಂಗಳೂರಿನಿಂದ ಹೊರಟು ಮಧ್ಯಾಹ್ನದೊಳಗೆ ಮಡಿಕೇರಿಯನ್ನು ಸೇರುವ ಬುಲೆಟ್ ತಂಡಗಳನ್ನು ಕಾಣದವರಾರು? ಎದೆನೋವು ಬಂದವನನ್ನು ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೆ ಸಾಗಿಸಬೇಕಾದ ದುರವಸ್ಥೆಯನ್ನು ನಿವಾರಿಸಲು ನಮಗೊಂದು ಸುಸಜ್ಜಿತ ಆಸ್ಪತ್ರೆ ಕೊಡಿರೆಂದು ಆ ಜಿಲ್ಲೆಯ ಜನ ವ್ಯಾಧಿಗೆ ಮುನ್ನವೇ, 2019ರಲ್ಲಿ, ಅಭಿಯಾನ ನಡೆಸಿದ್ದರು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದು ಜೀವಹಾನಿಯಾದಾಗ ಅಲ್ಲಿಯ ಆಡಳಿತವು ವ್ಯಾಧಿ, ಮಳೆ ಎರಡನ್ನೂ ಏಕಕಾಲದಲ್ಲಿ ಎದುರಿಸುತ್ತಿತ್ತು. ಅಂಥ ಊರು ‘ಸದ್ಯಕ್ಕೆ ಬರಬೇಡಿ’ ಎಂದರೆ ಅದನ್ನು ಅತಿಥಿಸತ್ಕಾರದ ಲೋಪವೆಂದು ಹಳಿಯುವುದು ಅನ್ಯಾಯ. ಸಿಡುಬು ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರೆ ನಮ್ಮ ಹಿರಿಯರು ಹೊಸ್ತಿಲಿನಿಂದಲೇ ಕ್ಷೇಮ ವಿಚಾರಿಸಿ ಹಿಂದಿರುಗುತ್ತಿದ್ದರು. ಅದರಿಂದ ನಂಟಸ್ತಿಕೆಗೆ ಕುಂದು ಬಂದಿತೆಂದು ಯಾರೂ ಭಾವಿಸುತ್ತಿರಲಿಲ್ಲ.

ಒಬ್ಬಿಬ್ಬರು ಪ್ರಯಾಣಿಕರ ಬರವು ಬೇರೆ, ತಂಡದ ಬರವು ಬೇರೆ. ಮೂವತ್ತು ನಲವತ್ತು ಮಂದಿ ಒಮ್ಮೆಗೇ ಪೆಟ್ರೋಲ್ ಬಂಕಿನಲ್ಲಿ ನಿಂತು, ಒಂದೇ ಸಣ್ಣ ಹೋಟೆಲಿನ ಬೆಂಚುಗಳ ಮೇಲೆ ಒತ್ತಾಗಿ ಕುಳಿತು, ಮುಖಗವಸು ತೆಗೆದು ಕಾಫಿ ಕುಡಿದು ಹೊರಟುಹೋದ ಮೇಲೆ, ಆ ಲೋಟಗಳನ್ನು ತೊಳೆಯುವ ಹೆಂಗಸು ಆ ಊರಿನಲ್ಲಿಯೇ ಉಳಿಯುತ್ತಾಳೆ.

ಆದಕಾರಣ ಸವಾರ ಸಂಘಗಳ ಮಿತ್ರರಲ್ಲಿ ನನ್ನದೊಂದು ಪ್ರಾರ್ಥನೆಯಿದೆ. ಮತ್ತೊಮ್ಮೆ ಇಂಥ ಕಾಲ ಬಂದು, ಒಂದು ಗ್ರಾಮ ಪಂಚಾಯಿತಿಯೋ ಪುರಸಭೆಯೋ ಬರಬೇಡಿರೆಂದು ಕೇಳಿಕೊಂಡರೆ, ಪೋಲೀಸರ ತಡೆಗಟ್ಟೆಗಾಗಿಯೂ ದಂಡದ ಆಜ್ಞೆಗಾಗಿಯೂ ಕಾಯದೆ ಪ್ರಯಾಣವನ್ನು ಮುಂದಕ್ಕೆ ಹಾಕಿರಿ. ಹೋಂಸ್ಟೇಯವರಿಗೆ ಕೊಟ್ಟ ಮುಂಗಡವನ್ನು ಹಿಂದಕ್ಕೆ ಕೇಳದೆ ಅವರಲ್ಲಿಯೇ ಬಿಟ್ಟು, ರೋಗ ತಗ್ಗಿದ ಮೇಲೆ ಬರುವೆವೆಂದು ತಿಳಿಸಿರಿ.