ಮೊದಲು ಕತ್ತಲೆ ಹೊಂದಿಸಿ, ಆಮೇಲೆ ಪ್ರೊಜೆಕ್ಟರ್

ಹಬ್ಬದ ಸೇಲ್ ಶುರುವಾದರೆ ಸಾಕು, ಎಂಟು-ಹತ್ತು ಸಾವಿರಕ್ಕೆ ಮನೆಯನ್ನೇ ಥಿಯೇಟರ್ ಮಾಡಿಕೊಡುವ ಪ್ರೊಜೆಕ್ಟರ್‌ಗಳು ಆನ್‌ಲೈನ್ ಅಂಗಡಿಗಳಲ್ಲಿ ಸಾಲುಗಟ್ಟುತ್ತವೆ. ಡಬ್ಬದ ಮೇಲೆ ‘4ಕೆ ಸಪೋರ್ಟ್’, ‘20,000 ಲುಮೆನ್’, ‘200 ಇಂಚಿನ ಪರದೆ’ ಎಂಬ ದಪ್ಪಕ್ಷರ. ಜತೆಗಿನ ಫೋಟೊದಲ್ಲಿ, ಕಿಟಕಿಯಿಂದ ಬಿಸಿಲು ಬೀಳುತ್ತಿರುವ ಹಾಲ್‌ನಲ್ಲೇ ಗೋಡೆ ತುಂಬ ಝಗಮಗಿಸುವ ಸಿನಿಮಾ. ಆ ಫೋಟೊ ಶುದ್ಧ ಸುಳ್ಳು. ದೊಡ್ಡ ಪರದೆಯ ಆಸೆ ತಪ್ಪಲ್ಲ. ಆದರೆ ನಮ್ಮ ಬಹುಪಾಲು ಮನೆಗಳ ಹಾಲ್‌ಗೆ ಒಪ್ಪುವುದು ಟಿವಿಯೇ.

ಲೆಕ್ಕ ಹಾಕಿ ನೋಡಬಹುದು. 100 ಇಂಚಿನ ಪರದೆ ಎಂದರೆ ಏಳೂಕಾಲು ಅಡಿ ಅಗಲ, ನಾಲ್ಕು ಅಡಿ ಎತ್ತರ, ಹೆಚ್ಚೂಕಮ್ಮಿ 2.75 ಚದರ ಮೀಟರ್. ಅಗ್ಗದ ಪ್ರೊಜೆಕ್ಟರ್‌ಗಳನ್ನು ‘ಆನ್ಸಿ’ ಎಂಬ ಒಪ್ಪಿತ ಕ್ರಮದಲ್ಲಿ ಅಳೆದರೆ ಸಿಗುವುದು ಸಾವಿರಗಟ್ಟಲೆಯಲ್ಲ, ಕೆಲವು ನೂರು ಲುಮೆನ್ ಅಷ್ಟೇ. 300 ಎಂದೇ ಹಿಡಿದರೆ ಪರದೆಗೆ ಬೀಳುವ ಬೆಳಕು 110 ಲಕ್ಸ್ ಆಸುಪಾಸು. ಟ್ಯೂಬ್‌ಲೈಟ್ ಉರಿಯುವ ಹಾಲ್‌ನ ಗೋಡೆಯ ಮೇಲೆ ಆಗಲೇ ಸುಮಾರು ಅಷ್ಟು ಬೆಳಕು ಬಿದ್ದಿರುತ್ತದೆ. ಹಗಲು ಕಿಟಕಿ ತೆರೆದರೆ ಅದು ಹಲವು ಪಟ್ಟು. ನಾಯಕನ ಮುಖ ಗೋಡೆಯ ಸುಣ್ಣದಲ್ಲೇ ಕರಗಿಹೋಗುತ್ತದೆ.

ಇನ್ನು ‘4ಕೆ ಸಪೋರ್ಟ್’. 4ಕೆ ಚಿತ್ರದಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿರುತ್ತವೆ. ಇಂಥ ಎಷ್ಟೋ ಪ್ರೊಜೆಕ್ಟರ್‌ಗಳ ಒಳಗಿರುವ ಪ್ಯಾನೆಲ್ 1280×720ರದ್ದು, ಅಂದರೆ ಒಂಬತ್ತು ಲಕ್ಷ ಚಿಲ್ಲರೆ. ಉಳಿದದ್ದೆಲ್ಲ ದಾರಿಯಲ್ಲೇ ಖರ್ಚು!

ಹಾಗಂತ ಬೆಳಕು ಜಾಸ್ತಿಯಾದಷ್ಟೂ ಚೆನ್ನ ಎಂದಲ್ಲ. ಚಿತ್ರಮಂದಿರದ ಪರದೆಗೆ ನಿಗದಿಯಾದ ಪ್ರಕಾಶಮಾನ ಬರೀ 48 ನಿಟ್ಸ್. ಸಾಧಾರಣ ಟಿವಿಯೇ ಅದರ ಐದಾರು ಪಟ್ಟು ಹೊಳೆಯುತ್ತದೆ. ಆದರೂ ಥಿಯೇಟರ್‌ನಲ್ಲಿ ಚಿತ್ರ ಮಂಕೆನಿಸದಿರಲು ಕಾರಣ ಅಲ್ಲಿನ ಕತ್ತಲೆ. ಪ್ರೊಜೆಕ್ಟರ್‌ಗೆ ಕಪ್ಪನ್ನು ಎಸೆಯಲು ಬರುವುದಿಲ್ಲ. ಪರದೆ ಆ ಹೊತ್ತಿಗೆ ಎಷ್ಟು ಕಪ್ಪಾಗಿ ಕಾಣುತ್ತದೋ ಅದೇ ಸಿನಿಮಾದ ಕಪ್ಪು. ‘ಕಾಂತಾರ’ದ ಇರುಳಿನ ಕೋಲದ ದೃಶ್ಯವನ್ನೋ ‘ಕೆಜಿಎಫ್’ನ ಗಣಿಯೊಳಗಿನ ದೃಶ್ಯವನ್ನೋ ಅರೆಬೆಳಕಿನ ಕೋಣೆಯಲ್ಲಿ ಹಾಕಿದರೆ ಇರುಳು ಬೂದಿ ಬಣ್ಣಕ್ಕೆ ತಿರುಗಿ, ಬೆಂಕಿಯ ಕಳೆಯೇ ಹೋಗುತ್ತದೆ. ಒಎಲ್‌ಇಡಿ ಟಿವಿಯಲ್ಲಿ ಕಪ್ಪು ಬೇಕಾದ ಕಡೆ ಪಿಕ್ಸೆಲ್ ತಾನೇ ಆರಿಹೋಗುವುದರಿಂದ ಈ ತಾಪತ್ರಯವಿಲ್ಲ.

ನಿಜವಾದ ತೊಡಕು ಇರುವುದು ಮನೆಯ ದಿನಚರಿಯಲ್ಲಿ. ನಮ್ಮಲ್ಲಿ ಹಾಲ್ ಒಬ್ಬರ ಸೊತ್ತಲ್ಲ. ಸಂಜೆ ಏಳರ ಧಾರಾವಾಹಿ ನೋಡುತ್ತಲೇ ಅಜ್ಜಿ ಅವರೆಕಾಯಿ ಸುಲಿಯುತ್ತಿರುತ್ತಾರೆ, ಮೂಲೆಯಲ್ಲಿ ಮಗುವಿನ ಹೋಂವರ್ಕ್ ನಡೆದಿರುತ್ತದೆ, ನಡುನಡುವೆ ಪಕ್ಕದ ಮನೆಯವರು ಬಂದು ಕೂರುತ್ತಾರೆ. ಟಿವಿ ಇವರೆಲ್ಲರ ಜತೆ ಹೊಂದಿಕೊಳ್ಳುತ್ತದೆ. ಪ್ರೊಜೆಕ್ಟರ್ ಬಂದರೆ ಲೈಟ್ ಆರಿಸಬೇಕು, ಕರ್ಟನ್ ಎಳೆಯಬೇಕು, ಅದರ ಮುಂದೆ ಯಾರೂ ಅಡ್ಡ ಹಾಯಬಾರದು. ವಾರಕ್ಕೊಂದು ಸಿನಿಮಾಕ್ಕಾದರೆ ಸರಿ, ದಿನವೂ ಈ ಶಿಸ್ತು ಯಾರಿಗೆ ಬೇಕು?

ಮಹಡಿಯ ಮೇಲೆ ಬಾಗಿಲು ಮುಚ್ಚಬಹುದಾದ ಖಾಲಿ ಕೋಣೆ ಇದ್ದರೆ ಮಾತು ಬೇರೆ. 100 ಇಂಚಿನ ಪರದೆಯ ವಿಸ್ತೀರ್ಣ 55 ಇಂಚಿನ ಟಿವಿಯ ಮೂರು ಪಟ್ಟಿಗೂ ಹೆಚ್ಚು. ಆ ಸುಖ ಟಿವಿಯಿಂದ ಸಿಗದು. ಅಂಥವರು ಪೂರ್ಣ ಎಚ್‌ಡಿಗೆ ಕಡಿಮೆಯಿಲ್ಲದ, ಆನ್ಸಿ ಲುಮೆನ್ ನಮೂದಿಸಿರುವ ಪ್ರೊಜೆಕ್ಟರನ್ನೇ ಕೊಳ್ಳಬೇಕು. ಲ್ಯಾಂಪ್ ಇರುವಂಥದ್ದಾದರೆ ಕೆಲವು ಸಾವಿರ ಗಂಟೆಗಳ ಬಳಿಕ ಬಲ್ಬ್ ಬದಲಿಸಬೇಕಾಗುತ್ತದೆ. ಲೇಸರ್‌ಗೆ ಕಂಪನಿಗಳು ಹೇಳುವ ಆಯುಸ್ಸು ಸಾಮಾನ್ಯವಾಗಿ 20,000 ಗಂಟೆ. ಗೋಡೆಯಿಂದ ಗೇಣು ದೂರದಲ್ಲಿಟ್ಟರೂ ದೊಡ್ಡ ಚಿತ್ರ ಮೂಡಿಸುವ ಲೇಸರ್ ಪ್ರೊಜೆಕ್ಟರ್‌ಗಳೂ ಇವೆ. ಬೆಲೆ ಮಾತ್ರ ಲಕ್ಷ ದಾಟುತ್ತದೆ, ಒಳ್ಳೆಯ ಪರದೆಗೆ ಬೇರೆಯೇ ದುಡ್ಡು. ಪದೇ ಪದೇ ಕರೆಂಟ್ ಹೋಗುವ ಊರಾದರೆ ಯುಪಿಎಸ್ ಕೂಡ ಇರಲಿ. ಉರಿಯುವ ಲ್ಯಾಂಪ್ ಫ್ಯಾನಿನ ತಂಪಿಲ್ಲದೆ ಥಟ್ಟನೆ ಆರಿದರೆ ಅದರ ಆಯುಸ್ಸಿಗೇ ಪೆಟ್ಟು.

ಇತ್ತ ಟಿವಿ ಅಗ್ಗವಾಗುತ್ತಲೇ ಇದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚು ಮೀರಿದ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ (ಪ್ರೊಜೆಕ್ಟರ್‌ಗಳದ್ದೂ ಇಳಿದಿದೆ ಎನ್ನುವುದು ನ್ಯಾಯ). ಇನ್ನು ಅಳತೆಯ ವಿಷಯ. ನೋಟದಲ್ಲಿ ಚಿತ್ರ 30 ಡಿಗ್ರಿಯಷ್ಟು ಅಗಲ ತುಂಬಿದರೆ ಸಿನಿಮಾ ನೋಡಿದಂತಾಗುತ್ತದೆ ಎಂಬುದು ರೂಢಿಯ ಅಂದಾಜು. ಏಳು ಅಡಿ ದೂರದ ಸೋಫಾಕ್ಕೆ 55 ಇಂಚು ಸಾಕು. ಹತ್ತು ಅಡಿಯಾದರೆ 75 ಬೇಕು. ಸೋಫಾವನ್ನು ಎರಡಡಿ ಮುಂದೆ ಎಳೆಯಲು ದುಡ್ಡು ಖರ್ಚಾಗುವುದಿಲ್ಲ. 85 ಇಂಚಿನದಕ್ಕೆ ಮನಸ್ಸಾದವರು ಮಾತ್ರ ಆರ್ಡರ್ ಮಾಡುವ ಮೊದಲು ಲಿಫ್ಟ್ ಅಳೆಯಲಿ. ಟಿವಿಯೇ ಆರಡಿಗೂ ಹೆಚ್ಚು ಅಗಲ, ಅದರ ಪೆಟ್ಟಿಗೆ ಇನ್ನೂ ದೊಡ್ಡದು.

ಚಿತ್ರದ ಗುಂಗಿನಲ್ಲಿ ಎಲ್ಲರೂ ಮರೆಯುವುದು ಸದ್ದನ್ನು. ತೆಳು ಟಿವಿಯ ಸ್ಪೀಕರ್‌ಗಳು ಬಹುತೇಕ ನೆಲಕ್ಕೆ ಮುಖ ಮಾಡಿರುತ್ತವೆ, ಅಗ್ಗದ ಪ್ರೊಜೆಕ್ಟರ್‌ನದ್ದು ಇನ್ನೂ ಬಡಕಲು. ಹತ್ತು ಇಂಚು ಚಿಕ್ಕ ಟಿವಿ ಕೊಂಡು ಉಳಿದ ಹಣಕ್ಕೆ ಸಬ್‌ವೂಫರ್ ಇರುವ ಸೌಂಡ್‌ಬಾರ್ ತಂದವರೇ ಜಾಣರು. ಹಿಂಬದಿಗೂ ಸ್ಪೀಕರ್ ಬೇಕೆಂದು ಗೋಡೆ ಕೊರೆಯುವ ಮುನ್ನ, ಬಾಡಿಗೆ ಮನೆಯಾದರೆ, ಓನರ್‌ಗೆ ಒಂದು ಫೋನ್ ಮಾಡುವುದು ಒಳ್ಳೆಯದು. ಅಡ್ವಾನ್ಸ್ ಅವರ ಬಳಿಯೇ ಇದೆಯಲ್ಲ.