ಅತಿಥಿಗಳ ಕೂಲಿ

ನಮ್ಮ ಅಪ್ಪ ಅವ್ವಂದಿರು ಕಂಡವರ ಹೊಲದಲ್ಲಿ ಬೆನ್ನು ಬಗ್ಗಿಸಿ ನಮ್ಮನ್ನು ಓದಿಸಿದರು. ಮೇಷ್ಟ್ರಾದರೆ ಕೂಲಿಯಿಂದ ಬಚಾವು ಅಂದುಕೊಂಡರು. ನಾವು ಬಿ.ಎಡ್. ಮುಗಿಸಿ ಸರ್ಕಾರಿ ಶಾಲೆಗೆ ಹೋದೆವು. ಸಿಕ್ಕ ಹೆಸರು 'ಅತಿಥಿ ಶಿಕ್ಷಕ'.

ಅತಿಥಿ! ಈ ಊರುಗಳ ಯಾವ ನಡುಮನೆಯೂ ನಮ್ಮನ್ನು ಹಾಗೆ ಕರೆದಿರಲಿಲ್ಲ. ಸರ್ಕಾರ ಕರೆಯಿತು. ಜೂನ್‌ನಲ್ಲಿ ಕರೆದು ಏಪ್ರಿಲ್‌ನಲ್ಲಿ ಹೊರಗಟ್ಟುವ ಕರೆ. ಬೇಸಿಗೆಗೆ ಸಂಬಳವಿಲ್ಲ. ಮುಂದಿನ ವರ್ಷ ಮತ್ತೆ ಅರ್ಜಿ ಹಿಡಿದು ಅದೇ ಬಾಗಿಲಲ್ಲಿ ನಿಲ್ಲಬೇಕು. ಕೊಡುವ ಕಾಸಿಗೆ 'ಗೌರವಧನ' ಅಂತಾರೆ. ಅದರಲ್ಲಿ ಗೌರವವೂ ಇಲ್ಲ, ಧನವೂ ಇಲ್ಲ.

ಕಾಯಂ ಆದವರ ಪಾಡೇನು ಹಸನಾಗಿದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ, ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಮೇಷ್ಟ್ರನ್ನು ಎಳೆಯಬೇಡಿ ಅನ್ನುತ್ತೆ. ಆದರೂ 2025ರ ಜಾತಿ ಸಮೀಕ್ಷೆಗೆ ಮನೆಮನೆ ಅಲೆದವರು ಮೇಷ್ಟ್ರುಗಳೇ. ಸಮೀಕ್ಷೆ ನಮಗೆ ಬೇಕು. ತಲೆ ಎಣಿಸದವರು ಪಾಲು ಕೊಟ್ಟಾರೆಯೇ? ಆದರೆ ಎಣಿಸೋದಕ್ಕೆ ಕೆಲಸವಿಲ್ಲದ ಪದವೀಧರರಿಗೇನು ಬರವೇ?

ಮೇಷ್ಟ್ರು ಸುಸ್ತಾದರೆ ಯಾರ ಪಾಠ ಹೋಗುತ್ತೆ? ಉಳ್ಳವರ ಮಕ್ಕಳು ಕಾನ್ವೆಂಟಿನಲ್ಲಿದ್ದಾರೆ. ಸರ್ಕಾರಿ ಶಾಲೆಯ ನೆಲದ ಮೇಲೆ ಕೂತಿರೋದು ನಮ್ಮ ಕೇರಿಯ ಮಕ್ಕಳು. ಮೇಷ್ಟ್ರ ದಣಿವಿಗೆ ದಂಡ ಕಟ್ಟೋರು ಅವರೇ.

ದಣಿದವರಿಗೆ ಧ್ಯಾನ ಮಾಡಿ, ನಗುನಗುತ್ತಾ ಇರಿ ಅಂತ ಬೋಧಿಸುವ ಸ್ವಾಮಿಗಳೇ, ನಮ್ಮ ರೋಗ ಮನಸ್ಸಿನದಲ್ಲ, ನಿಮ್ಮ ಆದೇಶದ ಹಾಳೆಯದು. ಹನ್ನೆರಡು ತಿಂಗಳ ಸಂಬಳ ಕೊಡಿ. ಪಾಠ ಮಾಡೋಕೆ ಬಿಡಿ.

ನಾವು ಅತಿಥಿಗಳಲ್ಲ. ಈ ಶಾಲೆಯ ಮನೆಯವರು.